ಗಡಿ ದಾಟುವ ನದಿಯ ಲೆಕ್ಕಪತ್ರ

ಒಂದು ನದಿ ಎರಡು ದೇಶಗಳಲ್ಲಿ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಮೇಲಿನ ದೇಶದಲ್ಲಿ ಅಣೆಕಟ್ಟು ಕಟ್ಟಿದರೆ ಪ್ರವಾಹ ತಗ್ಗುವುದೂ ವಿದ್ಯುತ್ ಹೆಚ್ಚುವುದೂ ಕೆಳಗಿನ ದೇಶದಲ್ಲಿ. ಹಣ ಖರ್ಚಾಗುವುದೂ ಊರು ಮುಳುಗುವುದೂ ಮೇಲಿನ ದೇಶದಲ್ಲಿ. ಹಾಗಾದರೆ ಮೇಲಿನವರು ಅಣೆಕಟ್ಟನ್ನು ಏಕೆ ಕಟ್ಟಬೇಕು?

ನದಿ ಒಪ್ಪಂದಗಳು ಸಾಮಾನ್ಯವಾಗಿ ನೀರನ್ನೇ ಹಂಚುತ್ತವೆ. 1960ರ ಸಿಂಧೂ ಒಪ್ಪಂದವು ರಾವಿ, ಬಿಯಾಸ್, ಸಟ್ಲೆಜ್ ನದಿಗಳನ್ನು ಭಾರತಕ್ಕೂ, ಸಿಂಧೂ, ಝೀಲಂ, ಚಿನಾಬ್ ನದಿಗಳ ಬಹುಪಾಲನ್ನು ಪಾಕಿಸ್ತಾನಕ್ಕೂ ಕೊಟ್ಟಿತು. (2025ರ ಏಪ್ರಿಲ್‌ನಲ್ಲಿ ಭಾರತ ಇದನ್ನು ತಡೆಹಿಡಿಯಿತು.) ಇಂಥ ಹಂಚಿಕೆಯಲ್ಲಿ ಒಬ್ಬರ ಪಾಲು ಹೆಚ್ಚಬೇಕಾದರೆ ಇನ್ನೊಬ್ಬರ ಪಾಲು ಕುಗ್ಗಲೇಬೇಕು.

ಇನ್ನೊಂದು ದಾರಿಯೂ ಇದೆ. ಕೊಲಂಬಿಯಾ ನದಿ ಕೆನಡಾದಲ್ಲಿ ಹುಟ್ಟಿ ಅಮೆರಿಕದ ಮೂಲಕ ಸಮುದ್ರ ಸೇರುತ್ತದೆ. 1948ರ ಮೇ 30ರಂದು ಅದರ ಪ್ರವಾಹಕ್ಕೆ ಸಿಕ್ಕಿ ಅಮೆರಿಕದ ವ್ಯಾನ್‌ಪೋರ್ಟ್ ಪಟ್ಟಣ ಒಂದೇ ದಿನದಲ್ಲಿ ನಾಶವಾಯಿತು. 1961ರಲ್ಲಿ ಎರಡೂ ದೇಶಗಳು ಸಹಿ ಹಾಕಿದ ಒಪ್ಪಂದ 1964ರಲ್ಲಿ ಜಾರಿಗೆ ಬಂತು. ಅದರಂತೆ ಕೆನಡಾ ಮೂರು ಅಣೆಕಟ್ಟು ಕಟ್ಟಿ, ಹಿಮ ಕರಗಿದ ನೀರನ್ನು ತಡೆದು ಬೇಕಾದಾಗ ಬಿಟ್ಟಿತು. ಪ್ರವಾಹ ರಕ್ಷಣೆಗಾಗಿ ಅಮೆರಿಕ 6.44 ಕೋಟಿ ಡಾಲರ್ ಕೊಟ್ಟಿತು. ತನ್ನಲ್ಲಿ ಹೆಚ್ಚುವ ವಿದ್ಯುತ್ತಿನಲ್ಲಿ ಅರ್ಧ ಕೆನಡಾದ್ದೆಂದು ಒಪ್ಪಿತು. ಕೆನಡಾ ತನ್ನ ಪಾಲನ್ನು ಮೊದಲ 30 ವರ್ಷಗಳಿಗೆ 25.4 ಕೋಟಿ ಡಾಲರಿಗೆ ಮಾರಿತು.

ಇದರ ಗಣಿತ ಸರಳ. ಅಣೆಕಟ್ಟಿನ ಲಾಭ 100, ವೆಚ್ಚ 30 ಎನ್ನಿ. ಲಾಭವೆಲ್ಲ ಕೆಳಗೇ ಉಳಿದರೆ ಮೇಲಿನವರಿಗೆ 30 ನಷ್ಟ; ಅವರು ಕಟ್ಟುವುದಿಲ್ಲ. ಅರ್ಧ ಲಾಭ ಮೇಲೆ ಬಂದರೆ ಅವರಿಗೆ 20, ಕೆಳಗಿನವರಿಗೆ 50 ಉಳಿಯುತ್ತದೆ. ಇಬ್ಬರೂ ಗೆದ್ದಂತೆ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಜಲಾಶಯಗಳಿಗಾಗಿ ಕೆನಡಾದ ಕಣಿವೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಮನೆ, ಹೊಲ ಬಿಡಬೇಕಾಯಿತು. ಹಣ ಬಂದದ್ದು ಸರ್ಕಾರಕ್ಕೆ, ಮುಳುಗಿದ್ದು ಅವರ ಊರು. ಅಲ್ಲಿನ ಮೂಲನಿವಾಸಿಗಳ ಮಾತನ್ನು ಯಾರೂ ಕೇಳಲಿಲ್ಲ. ಲಾಭದ ಒಂದು ಭಾಗವನ್ನು ಆ ಪ್ರದೇಶದ ಜನರಿಗೆ ತಲುಪಿಸಲು ‘ಕೊಲಂಬಿಯಾ ಬೇಸಿನ್ ಟ್ರಸ್ಟ್’ ಸ್ಥಾಪನೆಯಾದದ್ದು 1995ರಲ್ಲಿ, ಒಪ್ಪಂದ ಜಾರಿಯಾದ 31 ವರ್ಷಗಳ ಬಳಿಕ.

ಮುಂದೆ ಯಾವುದೇ ನದಿ ಒಪ್ಪಂದದ ಸುದ್ದಿ ಓದಿದಾಗ, ಯಾವ ದೇಶಕ್ಕೆ ಎಷ್ಟು ನೀರು ಎಂದಷ್ಟೇ ನೋಡಬೇಡಿ. ಲಾಭ ಯಾರಿಗೆ, ವೆಚ್ಚ ಯಾರಿಗೆ, ಮುಳುಗುವ ಹೊಲದ ರೈತನಿಗೆ ಏನು ಸಿಕ್ಕಿತು ಎಂದೂ ಕೇಳಿ.