ಬಾಲವಿಲ್ಲದ ಇಲಿ

ಲ್ಯಾಪ್‌ಟಾಪಿನೊಡನೆ ನಾವು ಬಳಸುವ ಸಣ್ಣ ವೈರ್‌ಲೆಸ್ ಮೌಸಿಗೆ ಬಾಲವಿಲ್ಲ, ಕಣ್ಣಿದೆ. 1964ರಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟರ ಪ್ರಯೋಗಶಾಲೆಯಲ್ಲಿ ಸಿದ್ಧವಾದ ಮೊದಲ ಮೌಸು ಚಕ್ರಗಳ ಮೇಲೆ ಉರುಳುವ ಮರದ ಪೆಟ್ಟಿಗೆಯಾಗಿತ್ತು. ಇಂದಿನದರ ಹೊಟ್ಟೆಯಡಿ ಪುಟ್ಟ ದೀಪವೊಂದು ಮೇಜಿನ ಮೇಲೆ ಓರೆಯಾಗಿ ಬೆಳಕು ಚೆಲ್ಲುತ್ತದೆ. ಒಳಗಿನ ಕಣ್ಣು ಸೆಕೆಂಡಿಗೆ ಸಾವಿರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದು, ಒಂದಕ್ಕೊಂದು ಹೋಲಿಸಿ, ಮೌಸು ಎತ್ತ ಸರಿಯಿತೆಂದು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವುದು ರೇಡಿಯೋ ಅಲೆ.

ಹಾಗಾದರೆ ಗಾಜಿನ ಮೇಜಿನ ಮೇಲೆ ಅದು ತಡವರಿಸುವುದೇಕೆ? ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಇದೆಯಷ್ಟೆ. ಅಲ್ಲಿ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಬೆಳಕಿಗೆ ಬಂದಿತು. ಬಂಡೆಯ ಮೇಲಿನ ಸವೆದ ಅಕ್ಷರವನ್ನು ಓದಬೇಕಾದರೆ ಬೆಳಕನ್ನು ಓರೆಯಾಗಿ ಹಿಡಿಯಬೇಕು. ತಗ್ಗಿನಲ್ಲಿ ನೆರಳು ಬಿದ್ದರೆ ಅಕ್ಷರ ಎದ್ದು ಕಾಣುತ್ತದೆ. ಮೌಸು ಓದುವುದೂ ಹೀಗೆಯೇ. ಕಾಗದದ ಮೇಲೆ ನಮ್ಮ ಕಣ್ಣಿಗೆ ಬೀಳದ ಉಬ್ಬುತಗ್ಗುಗಳೇ ಅದಕ್ಕೆ ಅಕ್ಷರಗಳು. ನುಣುಪಾದ ಗಾಜಿನಲ್ಲಿ ನೆರಳಿಲ್ಲ; ಆದುದರಿಂದ ಓದಲು ಏನೂ ಇಲ್ಲ.

ಮಿತ್ರರೇ, ಮೌಸು ಕೆಟ್ಟಿತೆಂದು ಹೊಸದಕ್ಕೆ ದುಡ್ಡು ಸುರಿಯುವ ಮುನ್ನ ಅದರಡಿ ಒಂದು ನೋಟುಪುಸ್ತಕವನ್ನಿಟ್ಟು ನೋಡಿರಿ. ಬಳಿಕ ಬ್ಯಾಟರಿ ಬದಲಿಸಿರಿ. ನನ್ನ ಮೌಸು ಹಳೆಯ ಪುಸ್ತಕವೊಂದರ ರಟ್ಟಿನ ಮೇಲೆ ಇಂದಿಗೂ ಸೊಗಸಾಗಿ ಓಡುತ್ತಿದೆ.