ತಾಬೋ: ಮಣ್ಣಿನ ವಿಹಾರ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯಲ್ಲಿ ಸಂಚರಿಸುವ ಯಾತ್ರಿಕನಿಗೆ ಹಸಿರು ಅಪರೂಪ. ಬೋಳು ಪರ್ವತಗಳ ಗಂಭೀರ ಸೌಂದರ್ಯವೇ ಎಲ್ಲೆಡೆ ಗೋಚರಿಸುತ್ತದೆ. ಮುಂಗಾರಿನ ಮೋಡಗಳನ್ನು ಹಿಮಾಲಯದ ಶ್ರೇಣಿಗಳು ದಕ್ಷಿಣದಲ್ಲಿಯೇ ತಡೆಯುವುದರಿಂದ ಇಲ್ಲಿ ಮಳೆ ಅತ್ಯಲ್ಪ. ಈ ಶುಷ್ಕತೆಯೇ ತಾಬೋದ ಬೌದ್ಧ ವಿಹಾರವನ್ನು ಸಾವಿರ ವರ್ಷ ಕಾಪಾಡಿಕೊಂಡು ಬಂದಿದೆ. ಗುಗೆ ರಾಜ್ಯದ ಅರಸು ಯೇಶೆ ಓದ್ ಕ್ರಿ.ಶ. 996ರಲ್ಲಿ ಸ್ಥಾಪಿಸಿದ ಈ ವಿಹಾರದ ಗೋಡೆಗಳೂ ಮಾಳಿಗೆಯೂ ಮಣ್ಣಿನವು. ಹೊರಗೆ ಯಾವ ಆಡಂಬರವೂ ಇಲ್ಲ. ಒಳಗೆ ಮಂದ ಬೆಳಕಿನಲ್ಲಿ ವರ್ಣಮಯ ಭಿತ್ತಿಚಿತ್ರಗಳೂ ಗೋಡೆಗೆ ಹೊಂದಿದ ಮಣ್ಣಿನ ದೇವಮೂರ್ತಿಗಳೂ ಶೋಭಿಸುತ್ತವೆ.

1975ರ ಕಿನ್ನೌರ್ ಭೂಕಂಪದಿಂದ ವಿಹಾರಕ್ಕೆ ಹಾನಿ ಸಂಭವಿಸಿತು. ಅದನ್ನು ಜೀರ್ಣೋದ್ಧಾರಗೊಳಿಸಿ, 1983ರಲ್ಲಿ ಪಕ್ಕದಲ್ಲಿಯೇ ನೂತನ ಪ್ರಾರ್ಥನಾ ಮಂದಿರವನ್ನು ನಿರ್ಮಿಸಲಾಯಿತು. ಆದರೆ 2023ರ ಜುಲೈ ತಿಂಗಳಿನಲ್ಲಿ ಈ ಒಣ ಕಣಿವೆಗೂ ಬಿರುಮಳೆ ಬಂದಿತು. ಭೂಕಂಪವನ್ನು ಸಹಿಸಿ ನಿಂತ ಮಣ್ಣು ನೀರಿಗೆ ಕರಗಬಲ್ಲದು. ಆದ್ದರಿಂದ ಪ್ರತಿವರ್ಷ ಮಾಳಿಗೆಗೆ ಮಣ್ಣು ಮೆತ್ತುವ ಕೈಗಳ ಸೇವೆಯೂ ಕಟ್ಟಿಸಿದ ಅರಸನ ದಾನದಷ್ಟೇ ದೊಡ್ಡದು.