ಎಸ್.ಎಸ್.ಎಲ್.ಸಿ. ಮುಗೀತು, ಮುಂದೆ?

"ನಿಮ್ಮ ಕಾಲಾನಂತರ ಇವಳನ್ನ ಯಾರು ನೋಡ್ಕೋತಾರೆ?"

ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತಿದ್ದಾಗ ದೂರದ ನೆಂಟರೊಬ್ಬರು ನನ್ನನ್ನು ಕೇಳಿದ ಮಾತು ಇದು. ಮಗಳು ಪಕ್ಕದಲ್ಲೇ ಕೂತು ಹಪ್ಪಳ ಮುರಿಯುತ್ತಿದ್ದಳು. ಅವಳಿಗೂ ಕಿವಿ ಕೇಳುತ್ತೆ, ಮಾತು ಅರ್ಥವಾಗುತ್ತೆ ಅನ್ನೋದು ಅವರಿಗೆ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಅವಳೇ ಕೇಳಿದಳು, "ಅವ್ವಾ, ನಾನೇನು ಚಿಕ್ಕ ಪಾಪುನಾ?" ಅಂತ. ಆಗ ಅವಳಿಗೆ ಹದಿನೈದು ವರ್ಷ, ಒಂಬತ್ತನೇ ತರಗತಿ. ನಾನು ಉತ್ತರ ಕೊಡಲಿಲ್ಲ. ಯಾಕೆಂದರೆ ಅವತ್ತು ಬೆಳಿಗ್ಗೆ ಅವಳಿಗೆ ಜಡೆ ಹಾಕಿದ್ದು, ಚಪ್ಪಲಿ ಬಕ್ಕಲ್ ಹಾಕಿದ್ದು ಎಲ್ಲಾ ನಾನೇ.

ನನ್ನ ಮಗಳಿಗೆ ಕಲಿಕೆ ನಿಧಾನ. ವೈದ್ಯರ ಚೀಟಿಯಲ್ಲಿ 'ಬೌದ್ಧಿಕ ಅಸಾಮರ್ಥ್ಯ' ಅಂತ ಬರೆದಿದೆ. ನಮ್ಮ ಕಾಲದಲ್ಲಿ ಇಂಥ ಮಕ್ಕಳಿಗೆ ಇದ್ದ ಹೆಸರುಗಳನ್ನು ಇಲ್ಲಿ ಬರೆಯಲು ಮನಸ್ಸಿಲ್ಲ. ಸಂತೆಬಾಚಹಳ್ಳಿಯಂಥ ಊರಿನಲ್ಲಿ ಇಂಥ ಮಕ್ಕಳ ತಾಯಂದಿರು ಶಾಲೆ ಇರುವಷ್ಟು ದಿನ ಹೇಗೋ ನೆಮ್ಮದಿಯಾಗಿರುತ್ತೇವೆ. ಬೆಳಿಗ್ಗೆ ಹೋಗುತ್ತೆ, ಬಿಸಿಯೂಟ ಮಾಡುತ್ತೆ, ಸಂಜೆ ಬರುತ್ತೆ. ಹತ್ತನೇ ತರಗತಿ ಮುಗಿದ ಮರುದಿನ ಆ ಮಗು ಜಗುಲಿ ಮೇಲೆ ಕೂರುತ್ತೆ. ಕೂತದ್ದು ಕೂತೇ ಬಿಡುತ್ತೆ. ನನಗೆ ಗೊತ್ತಿರುವ ಮನೆಗಳಲ್ಲೇ ಹೀಗೆ ಕೂತವರಿದ್ದಾರೆ.

"ಪಾಸಾಗಲಿ, ಆಮೇಲೆ ನೋಡೋಣ" ಅಂತ ನಾವೂ ಇದ್ದೆವು. ತಾಲ್ಲೂಕಿನಿಂದ ಶಾಲೆಗೆ ಬರುವ ವಿಶೇಷ ಶಿಕ್ಷಕಿಯೊಬ್ಬರು ಒಂದು ದಿನ ನನ್ನನ್ನು ಕೂರಿಸಿಕೊಂಡು ಹೇಳಿದರು, "ಅಮ್ಮ, ಆಮೇಲೆ ಅನ್ನೋದೇ ತಪ್ಪು. ಶಾಲೆ ಇರುವಾಗಲೇ ಶುರು ಮಾಡಬೇಕು." ಇದು ಅವರ ಸ್ವಂತ ಅಭಿಪ್ರಾಯ ಮಾತ್ರವಲ್ಲವಂತೆ. 2009ರಲ್ಲಿ ಅಮೆರಿಕದ ಡೇವಿಡ್ ಟೆಸ್ಟ್ ಮತ್ತು ಅವರ ಜೊತೆಗಾರರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ನೋಡಿದರಂತೆ. ಶಾಲೆಯಲ್ಲಿದ್ದಾಗ ಏನೇನು ಸಿಕ್ಕ ವಿಕಲಚೇತನ ಮಕ್ಕಳು ಮುಂದೆ ಉದ್ಯೋಗದಲ್ಲೋ ಓದಿನಲ್ಲೋ ನೆಲೆ ನಿಂತರು ಎಂದು ಲೆಕ್ಕ ಹಾಕಿ 16 ಸಂಗತಿಗಳನ್ನು ಹೇಳಿದರಂತೆ. ಶಾಲೆಯಲ್ಲಿರುವಾಗಲೇ ಹೊರಗಡೆ ನಿಜವಾದ ಕೆಲಸ ಮಾಡಿದ ಅನುಭವ, ತನ್ನ ಮೈ ಕೈ ತಾನೇ ನೋಡಿಕೊಳ್ಳುವ ಅಭ್ಯಾಸ, ತನಗೇನು ಬೇಕು ಅಂತ ಬಾಯಿಬಿಟ್ಟು ಹೇಳುವ ಧೈರ್ಯ, ಮನೆಯವರು ಕೈಜೋಡಿಸುವುದು, ಇವೆಲ್ಲ ಅದರಲ್ಲಿವೆ. ಈಚಿನ ಅಧ್ಯಯನಗಳು ಇದಕ್ಕೆ ಇನ್ನೊಂದನ್ನು ಸೇರಿಸಿವೆ: 'ನನ್ನ ಮಗು ದುಡಿದು ಬದುಕುತ್ತೆ' ಎಂಬ ತಂದೆತಾಯಿಯ ನಿರೀಕ್ಷೆ. ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ನನಗೆ ಅಂಥ ನಿರೀಕ್ಷೆಯೇ ಇರಲಿಲ್ಲ. ಪ್ರೀತಿ ಇತ್ತು, ಅಷ್ಟೇ.

ಸರಿ, ಜಡೆಯಿಂದಲೇ ಶುರು ಮಾಡಿದೆವು. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಯಾಗಿ ಒಡೆದು, ಕೊನೆಯ ಹೆಜ್ಜೆಯನ್ನು ಮೊದಲು ಕಲಿಸಬೇಕು ಅಂತ ಶಿಕ್ಷಕಿ ಹೇಳಿಕೊಟ್ಟರು. ಇದೇನಪ್ಪಾ ತಲೆಕೆಳಗು ಅನ್ನಿಸಿತು. ಆದರೆ ಯೋಚನೆ ಮಾಡಿ. ಜಡೆ ಪೂರ್ತಿ ನಾನು ಹೆಣೆದು, ಕೊನೆಗೆ ರಬ್ಬರ್ ಬ್ಯಾಂಡ್ ಹಾಕೋದನ್ನು ಮಾತ್ರ ಅವಳಿಗೆ ಬಿಟ್ಟರೆ, ಕೆಲಸ ಮುಗಿಸಿದ ಸಂತೋಷ ಅವಳದ್ದು. ವಾರ ಕಳೆದ ಮೇಲೆ ಕೊನೆಯ ಎರಡು ಹೆಣಿಗೆ ಅವಳದ್ದು. ಹೀಗೆ ಹಿಂದಿನಿಂದ ಮುಂದಕ್ಕೆ ಬಂದು ನಾಲ್ಕು ತಿಂಗಳಿಗೆ ಜಡೆ ಅವಳ ಕೈಗೆ ಬಂತು. ಸ್ವಲ್ಪ ಸೊಟ್ಟ. ಇರಲಿ.

ತಿಂಗಳ ದಿನಗಳಲ್ಲಿ ಪ್ಯಾಡ್ ಬದಲಾಯಿಸೋದು, ಕಾಗದದಲ್ಲಿ ಸುತ್ತಿ ಬಿಸಾಡೋದು, ಕೈ ತೊಳೆಯೋದು, ಇದನ್ನೂ ಹೀಗೇ ಚಿತ್ರ ಬರೆದು ಬಚ್ಚಲ ಬಾಗಿಲ ಹಿಂದೆ ಅಂಟಿಸಿ ಕಲಿಸಿದೆ. ಯಾರಾದರೂ ಮೈ ಮುಟ್ಟಲು ಬಂದರೆ 'ಬೇಡ' ಅಂತ ಜೋರಾಗಿ ಕೂಗಿ ಅಲ್ಲಿಂದ ಬಂದುಬಿಡಬೇಕು, ಬಂದು ನನಗೆ ಹೇಳಬೇಕು ಅನ್ನೋದನ್ನೂ ಆಡಿ ತೋರಿಸಿದೆ. ಹೆಣ್ಣುಮಕ್ಕಳ ತಾಯಂದಿರು ಈ ಎರಡನ್ನು ಸಂಕೋಚಪಟ್ಟು ಮುಂದೂಡಬೇಡಿ. ಮಗಳನ್ನು ಹೊರಗೆ ಕಳಿಸಲು ನಾವು ಹೆದರುವುದು ಇದಕ್ಕೇ ತಾನೇ?

ದುಡ್ಡಿನ ವಿಚಾರ ಕಷ್ಟವಾಯಿತು. ಕೂಡಿ ಕಳೆಯೋದು ಅವಳಿಗೆ ಬರೋದಿಲ್ಲ, ಚಿಲ್ಲರೆ ಎಣಿಸಲು ಹೋಗಿ ಅಳುತ್ತಿದ್ದಳು. ಅದಕ್ಕೊಂದು ಉಪಾಯವಿದೆ, ಪರೀಕ್ಷಿಸಿ ನೋಡಿದ ಉಪಾಯ. ಅಂಗಡಿಯವರು ಹೇಳಿದ ಬೆಲೆಯ ಹತ್ತರ ಲೆಕ್ಕ ಮಾತ್ರ ನೋಡಿ, ಹತ್ತರ ನೋಟು ಒಂದು ಜಾಸ್ತಿ ಕೊಡೋದು. ಮೂವತ್ತಾರು ರೂಪಾಯಿ ಅಂದರೆ ಮೂರು ನೋಟು, ಮೇಲೊಂದು, ಒಟ್ಟು ನಾಲ್ಕು. ಉಳಿದದ್ದನ್ನು ಅವರು ಕೊಡುತ್ತಾರೆ. ಮನೆಯಲ್ಲಿ ಆಟದ ಅಂಗಡಿ ಇಟ್ಟು ಕಲಿಸಿದ್ದು ಅವಳಿಗೆ ನಿಜವಾದ ಅಂಗಡಿಯಲ್ಲಿ ಮರೆತೇ ಹೋಗುತ್ತಿತ್ತು. ಅಂಗಡಿಯಲ್ಲೇ ನಿಂತು ಕಲಿಸಿದ್ದು ಉಳಿಯಿತು. ಎಲ್ಲಿ ಮಾಡಬೇಕೋ ಅಲ್ಲೇ ಕಲಿಸಬೇಕು ಅಂತ ಶಿಕ್ಷಕಿ ಮತ್ತೆ ಮತ್ತೆ ಹೇಳುತ್ತಿದ್ದರು.

ಬಸ್ಸಿನ ಪಾಠವೂ ಹಾಗೇ. ಕೆ.ಆರ್. ಪೇಟೆಗೆ ಮೊದಲ ಸಲ ನಾನು ಪಕ್ಕದ ಸೀಟಿನಲ್ಲಿ ಕೂತೆ. ಮೂರನೇ ಸಲ ಹಿಂದಿನ ಸೀಟಿನಲ್ಲಿ. ಆಮೇಲೆ ಇಲ್ಲಿ ನಾನು ಹತ್ತಿಸೋದು, ಅಲ್ಲಿ ಬಸ್ ನಿಲ್ದಾಣದಲ್ಲಿ ನಮ್ಮ ಯಜಮಾನರು ಇಳಿಸಿಕೊಳ್ಳೋದು. ಆ ದಿನ ಅವಳು ಇಳಿಯೋವರೆಗೆ ನನ್ನ ಜೀವ ಕೈಯಲ್ಲಿತ್ತು, ಒಲೆ ಮೇಲಿಟ್ಟ ಹಾಲು ಉಕ್ಕಿ ಹೋದದ್ದೂ ಗೊತ್ತಾಗಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ, ಆದ್ದರಿಂದ ಅವಳು ಕಲಿಯಬೇಕಾದ್ದು ಆಧಾರ್ ಕಾರ್ಡ್ ತೋರಿಸಿ ಊರ ಹೆಸರು ಹೇಳೋದು. ನಿಲ್ದಾಣ ದಾಟಿಬಿಟ್ಟರೆ ಕಂಡಕ್ಟರಿಗೆ ಹೇಳಬೇಕು, ನನಗೆ ಫೋನ್ ಮಾಡಬೇಕು. ಒಂದು ಸಲ ಹಾಗೇ ಆಯಿತು. ಕಂಡಕ್ಟರೇ ಇನ್ನೊಂದು ಬಸ್ಸಿಗೆ ಹತ್ತಿಸಿ ಕಳಿಸಿದರು. ಅವಳು ಗಾಬರಿಯಾಗಿರಲಿಲ್ಲ, ನಾನಾಗಿದ್ದೆ.

ಇನ್ನು ಕೆಲಸ. ಹೆಣ್ಣುಮಗಳು, ಹೊಲಿಗೆ ಕಲಿಯಲಿ ಅಂತ ನಾವು ಮನೆಯವರೆಲ್ಲ ತೀರ್ಮಾನ ಮಾಡಿದ್ದೆವು. ಅವಳನ್ನು ಯಾರೂ ಕೇಳಿರಲಿಲ್ಲ. ಶಿಕ್ಷಕಿ ನಮಗೆ ಒಂದು ಆಸ್ಪತ್ರೆಯ ಕಥೆ ಹೇಳಿದರು. 1996ರಲ್ಲಿ ಅಮೆರಿಕದ ಸಿನ್ಸಿನಾಟಿ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಎರಿನ್ ರೀಲಿ ಎಂಬ ನರ್ಸ್ ಮುಂದಾಗಿ ಒಂದು ಪದ್ಧತಿ ಶುರು ಮಾಡಿದರು. ಇಂಥ ಮಕ್ಕಳು ಶಾಲೆಯ ಕೊನೇ ವರ್ಷವನ್ನು ತರಗತಿಯಲ್ಲಿ ಕಳೆಯದೆ, ಕೆಲಸದ ಜಾಗದಲ್ಲೇ ಮೂರು ಬೇರೆ ಬೇರೆ ವಿಭಾಗಗಳಲ್ಲಿ ಸರದಿಯಂತೆ ಕಳೆಯೋದು. ಕೈಗೆ ಯಾವುದು ಒಗ್ಗುತ್ತೆ, ಮನಸ್ಸಿಗೆ ಯಾವುದು ಹಿಡಿಸುತ್ತೆ ಅಂತ ಮಾಡಿಯೇ ತಿಳಿಯೋದು. ಪ್ರಾಜೆಕ್ಟ್ ಸರ್ಚ್ ಎಂಬ ಹೆಸರಿನಲ್ಲಿ ಅದು ಎಷ್ಟೋ ದೇಶಗಳಿಗೆ ಹಬ್ಬಿದೆ.

ನಮ್ಮೂರಲ್ಲಿ ಎಲ್ಲಿಯ ಆಸ್ಪತ್ರೆ! ಆದರೆ ಮೂರು ಜಾಗ ನಾವೂ ಹುಡುಕಿದೆವು. ಶನಿವಾರ ಮಧ್ಯಾಹ್ನ ಎರಡು ಗಂಟೆ ಕಾಲ ಒಬ್ಬರ ಹೊಲಿಗೆ ಅಂಗಡಿ. ಮಿಷನ್ ಶಬ್ದಕ್ಕೆ ಕಿವಿ ಮುಚ್ಚಿಕೊಂಡು ಕೂತಳು. ಆಮೇಲೆ ಸ್ತ್ರೀಶಕ್ತಿ ಸಂಘದವರ ಸಾಂಬಾರ್ ಪುಡಿ ಪ್ಯಾಕ್ ಮಾಡುವ ಮನೆ. ಸೀನಿ ಸೀನಿ ವಾಪಸ್ ಬಂದಳು. ಮೂರನೆಯದು ಊರಾಚೆಯ ತರಕಾರಿ ಸಸಿ ನರ್ಸರಿ. ಸಂಜೆ ಮನೆಗೆ ಬಂದವಳು ಉಗುರಿನ ಮಣ್ಣನ್ನೂ ತೊಳೆಯದೆ ಹೇಳಿದಳು, "ನಂಗೆ ಅದೇ ಬೇಕು ಕಣವ್ವ." ನಮ್ಮತ್ತೆ, "ಓದಿಸಿದ್ದು ಮಣ್ಣು ಹೊರೋಕಾ?" ಅಂತ ಎರಡು ದಿನ ಮುನಿಸಿಕೊಂಡರು. (ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸೋದು, ಹದಿನೆಂಟರೊಳಗಿನವರಿಗೆ ಅಪಾಯದ ಕೆಲಸ ಕೊಡೋದು ಕಾನೂನಿನಲ್ಲಿ ಅಪರಾಧ. ಔಷಧಿ ಸಿಂಪಡಿಸುವ ಹೊತ್ತಿನಲ್ಲಿ ಅವಳು ಅಲ್ಲಿರಕೂಡದು ಅಂತ ಮೊದಲೇ ಮಾತಾಡಿದ್ದೆವು.)

ನರ್ಸರಿಯ ಒಂದು ಟ್ರೇನಲ್ಲಿ 98 ಕುಳಿ. ತೆಂಗಿನ ನಾರಿನ ಪುಡಿ ತುಂಬಿ, ಬೆರಳಿನಿಂದ ಒತ್ತಿ, ಕುಳಿಗೆ ಒಂದೇ ಬೀಜ ಹಾಕಿ, ಮೇಲೆ ತೆಳ್ಳಗೆ ಮುಚ್ಚಬೇಕು. ಮೊದಲ ದಿನ ಇವಳು ಕುಳಿಗೆ ಮೂರು ನಾಲ್ಕು ಟೊಮೆಟೊ ಬೀಜ ಸುರಿದಳು. ಆ ಬೀಜದ ಬೆಲೆ ಬೇಸಾಯ ಮಾಡುವವರಿಗೆ ಗೊತ್ತು. ಮಾಲೀಕರ ಮುಖ ಸಪ್ಪಗಾಯಿತು. "ಪಾಪ, ಕೂತಿರ್ಲಿ ಬುಡಿ ಅಕ್ಕ, ಕೆಲ್ಸ ಬ್ಯಾಡ" ಅಂದರು. ಆ 'ಪಾಪ' ಅನ್ನೋ ಮಾತೇ ನನಗೆ ಬೇಡವಾಗಿತ್ತು. ಒಂದು ಹಳೇ ಟ್ರೇ ಕೇಳಿಕೊಂಡು ಮನೆಗೆ ತಂದೆ. ಮೊದಲು ಹೆಸರುಕಾಳು, ಕುಳಿಗೊಂದು. ಅದು ಸರಿಹೋದ ಮೇಲೆ ಸಾಸಿವೆ. ಅಡುಗೆಮನೆ ತುಂಬ ಸಾಸಿವೆ ಹರಡಿ ಒಂದು ತಿಂಗಳು ಗುಡಿಸಿದ್ದೇ ಗುಡಿಸಿದ್ದು. ಆಮೇಲೆ ನರ್ಸರಿಯಲ್ಲಿ ಮೂರು ಶನಿವಾರ ನಾನು ಪಕ್ಕದಲ್ಲಿ ಕೂತೆ, ಎರಡು ಶನಿವಾರ ಬೇಲಿಯ ಹತ್ತಿರ ನಿಂತೆ, ಆಮೇಲೆ ಮನೆಯಲ್ಲೇ ಉಳಿದೆ. ಹೀಗೆ ಕೆಲಸದ ಜಾಗದಲ್ಲೇ ಜೊತೆಗಿದ್ದು, ನಿಧಾನವಾಗಿ ಹಿಂದೆ ಸರಿಯೋದೂ ಕಲಿಸುವ ಒಂದು ಕ್ರಮವೇ. ತಾಯಿಗೆ ಅತ್ಯಂತ ಕಷ್ಟದ ಪಾಠ ಅಂದರೆ ಹಿಂದೆ ಸರಿಯೋದು.

ಇಂಥ ಮಕ್ಕಳಿಗೆ ತೋಟಗಾರಿಕೆ ಒಗ್ಗುತ್ತೆ ಅನ್ನೋದು ಹೊಸದೇನಲ್ಲ. ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯವರು ವಿಕಲಚೇತನರಿಗೆ ತೋಟಗಾರಿಕೆಯ ತರಬೇತಿಯನ್ನೇ ಕೊಡುತ್ತಾ ಬಂದಿದ್ದಾರೆ. ಹುಬ್ಬಳ್ಳಿಯಲ್ಲಿ 2017ರಲ್ಲಿ ಅಲೀನಾ ಆಲಂ ಎಂಬ ಹುಡುಗಿ ಶುರು ಮಾಡಿದ ಮಿಟ್ಟಿ ಕೆಫೆಯಲ್ಲಿ ಇಂಥವರೇ ತಿಂಡಿ ಮಾಡಿ, ಬಡಿಸಿ, ಲೆಕ್ಕ ನೋಡುತ್ತಾರೆ.

ಓದು ಹತ್ತುವ ಮಕ್ಕಳ ದಾರಿ ಬೇರೆ. ನಮ್ಮ ಬೀದಿಯಲ್ಲೇ ಕಿವಿ ಕೇಳದ ಒಬ್ಬ ಹುಡುಗನಿದ್ದಾನೆ, ಚಿತ್ರ ಬರೆಯುವುದರಲ್ಲಿ ನಿಸ್ಸೀಮ. ಅವನ ತಾಯಿಗೆ ನಾನು ಮೈಸೂರಿನ ಜೆ.ಎಸ್.ಎಸ್. ವಿಕಲಚೇತನರ ಪಾಲಿಟೆಕ್ನಿಕ್ ವಿಷಯ ಹೇಳಿದೆ. 1991ರಿಂದ ಇಂಥ ಮಕ್ಕಳಿಗಾಗಿಯೇ ನಡೆಯುತ್ತಿರುವ ಸಂಸ್ಥೆ ಅದು, ಕಂಪ್ಯೂಟರ್, ಆಭರಣ ವಿನ್ಯಾಸ ಮುಂತಾದ ಡಿಪ್ಲೊಮಾಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡ 5 ಸೀಟು, ವಯಸ್ಸಿನಲ್ಲಿ 5 ವರ್ಷ ರಿಯಾಯಿತಿ, ಸರ್ಕಾರಿ ನೌಕರಿಯಲ್ಲಿ ಶೇಕಡ 4 ಮೀಸಲು ಉಂಟು. ಇದಕ್ಕೆಲ್ಲ ಯು.ಡಿ.ಐ.ಡಿ. ಕಾರ್ಡ್ ಬೇಕು. ನಾವು ಆ ಕಾರ್ಡಿಗೆ ಒಂದು ಕಚೇರಿಗೆ ಎಷ್ಟು ಸಲ ಅಲೆದೆವೋ ಲೆಕ್ಕವಿಲ್ಲ. ಕೊನೆಗೆ ನಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಜೊತೆಗೆ ಬಂದ ಮೇಲೆ ಕೆಲಸವಾಯಿತು. ಇಂಥ ಕಾರ್ಯಕರ್ತರು ಪಂಚಾಯಿತಿ ಮಟ್ಟದಲ್ಲೂ, ತಾಲ್ಲೂಕು ಮಟ್ಟದಲ್ಲೂ ಇರುತ್ತಾರೆ, ಹೋಗಿ ಕೇಳಿ. ನಾನು ಮೇಷ್ಟ್ರು, ಶಿಕ್ಷಕಿ, ಈ ಕಾರ್ಯಕರ್ತರು ಮೂವರನ್ನೂ ಒಂದು ದಿನ ಶಾಲೆಯಲ್ಲೇ ಸೇರಿಸಿ, ಮಗಳನ್ನೂ ಕೂರಿಸಿದೆ. ಅವಳ ವಿಷಯವನ್ನು ಅವಳ ಎದುರಿಗೇ, ಅವಳನ್ನೇ ಕೇಳಿ ಮಾತಾಡಿದ್ದು ಅದೇ ಮೊದಲು.

ಮರೆಯಬಾರದ ಇನ್ನೊಂದು ಕಾಗದವಿದೆ. ಮಗುವಿಗೆ 18 ತುಂಬಿತೆಂದರೆ ಕಾನೂನಿನ ಕಣ್ಣಲ್ಲಿ ತಂದೆತಾಯಿ ಅದರ ಪಾಲಕರಲ್ಲ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪಾಲಕರಾಗಬಹುದು. ಎಲ್ಲರಿಗೂ ಇದು ಬೇಕೇಬೇಕು ಅಂತಿಲ್ಲ. ಅವಳ ಸಹಿ ಅವಳೇ ಹಾಕಬಲ್ಲಳಾದರೆ ನಾನೇಕೆ ಅಡ್ಡ ಬರಲಿ ಅಂತ ಯಜಮಾನರೂ ನಾನೂ ಇನ್ನೂ ಮಾತಾಡುತ್ತಿದ್ದೇವೆ. ಬ್ಯಾಂಕಿನ ಹಾಳೆಯ ಮೇಲೆ ಸಹಿ ಹಾಕೋದನ್ನು ಅವಳು ದಿನಾ ತಿದ್ದುತ್ತಿದ್ದಾಳೆ.

ಎಸ್.ಎಸ್.ಎಲ್.ಸಿ.ಯಲ್ಲಿ ಬರೆದುಕೊಡುವವರ ಸಹಾಯ, ಹೆಚ್ಚಿನ ಸಮಯ ಎಲ್ಲ ಸಿಕ್ಕರೂ ಗಣಿತ, ಇಂಗ್ಲಿಷ್ ಎರಡು ಉಳಿದಿವೆ. ಮತ್ತೆ ಕಟ್ಟುತ್ತಾಳೆ. ಅದಕ್ಕಾಗಿ ನರ್ಸರಿ ಕಾಯಲಿಲ್ಲ. ಈಗ ವಾರಕ್ಕೆ ಐದು ದಿನ ಬೆಳಿಗ್ಗೆ ಹೋಗುತ್ತಾಳೆ, ದಿನಕ್ಕಿಷ್ಟು ಟ್ರೇ ಅಂತ ಕೂಲಿ ಲೆಕ್ಕ. ಮೊದಲ ಕೂಲಿಯಲ್ಲಿ ಏನು ತರುತ್ತಾಳೋ ಅಂತ ಕಾದಿದ್ದೆವು. ಅಜ್ಜಿಗೆ ಎಲೆ ಅಡಿಕೆ, ನನಗೊಂದು ಪೊಟ್ಟಣ ಸಾಸಿವೆ. "ನಿಂದು ಚೆಲ್ಲಿದ್ನಲ್ಲವ್ವ" ಅಂದಳು.